ಮೊದಲ ಕಂಪ್ಯೂಟರ್ ಬಗ್ ಹಿಡಿದದ್ದು ಗ್ರೇಸ್ ಹಾಪರ್ ಅವರೇ? ಗಡಿಯಾರ ಬಿಚ್ಚಿದ ಹುಡುಗಿಯ ನಿಜ ಕಥೆ

ಕಳೆದ ತಿಂಗಳು ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಒಂದು ಫಾರ್ವರ್ಡ್ ಬಂತು. ಹಳೆಯ ನೋಟ್‌ಬುಕ್ಕಿನ ಒಂದು ಪುಟ, ಅದಕ್ಕೆ ಟೇಪಿನಿಂದ ಅಂಟಿಸಿದ ಸತ್ತ ಪತಂಗ, ಕೆಳಗೆ ನೌಕಾಪಡೆಯ ಸಮವಸ್ತ್ರ ತೊಟ್ಟ ಕನ್ನಡಕದ ಅಜ್ಜಿಯ ಫೋಟೊ. 1945ರಲ್ಲಿ ಗ್ರೇಸ್ ಹಾಪರ್ ಎಂಬ ಅಮೆರಿಕದ ವಿಜ್ಞಾನಿ ಕಂಪ್ಯೂಟರಿನ ಒಳಗಿಂದ ಈ ಹುಳವನ್ನು ಹಿಡಿದು ತೆಗೆದರಂತೆ. ಕಂಪ್ಯೂಟರಿನ ದೋಷಕ್ಕೆ ಬಗ್, ಅಂದರೆ ಹುಳ, ಎಂಬ ಹೆಸರು ಬಂದದ್ದು ಅಂದಿನಿಂದಲೇ ಅಂತೆ. ಕೋಬಾಲ್ ಎಂಬ ಕಂಪ್ಯೂಟರ್ ಭಾಷೆಯನ್ನೂ ಅವರೊಬ್ಬರೇ ಕಂಡುಹಿಡಿದರಂತೆ. ಕೊನೆಗೆ ಎಂದಿನಂತೆ, ಹತ್ತು ಜನರಿಗೆ ಕಳಿಸಿ ಎಂಬ ಮನವಿ.

ಫೋಟೊ ಖರೆ. ಹುಳ ಖರೆ. ಅಜ್ಜಿಯೂ ಖರೆ. ಆದರೆ ಈ ಮೂರನ್ನೂ ಜೋಡಿಸಿ ಕಟ್ಟಿದ ಕಥೆಯಲ್ಲಿ ಹೆಚ್ಚಿನದು ಸುಳ್ಳು ಅಥವಾ ಅರ್ಧ ಸತ್ಯ.

ಇದನ್ನು ಹುಡುಕಲು ನಮಗೆ ಇನ್ನೊಂದು ಕಾರಣವೂ ಇತ್ತು. ನಮ್ಮ ಮನೆ ಇರುವುದು ಕಲಬುರಗಿ ಪಕ್ಕದ ಕೋಟನೂರಿನಲ್ಲಿ. ಫಾರ್ವರ್ಡ್ ಬಂದ ದಿನ ನಮ್ಮ ಮನೆಯ ಹತ್ತು ವರ್ಷದ ಕಂಪ್ಯೂಟರ್ ಕೆಟ್ಟು ಕೂತಿತ್ತು. ಅಣ್ಣನ ಮಗಳ ಸ್ಕಾಲರ್‌ಶಿಪ್ ಅರ್ಜಿಗೆ ಉಳಿದದ್ದು ಎರಡೇ ದಿನ. ಫೋನಿನಲ್ಲಿ ತುಂಬಲು ಹೋದರೆ ಅಂಕಪಟ್ಟಿಯ ಫೈಲ್ ಸೈಜ್ ಹೆಚ್ಚಾಯಿತೆಂದು ವಾಪಸ್ ಬರುತ್ತಿತ್ತು. ಕಂಪ್ಯೂಟರಿನಲ್ಲಿ ತುಂಬೋಣವೆಂದರೆ ಒಂದು ವೆಬ್‌ಸೈಟೂ ತೆರೆಯುತ್ತಿರಲಿಲ್ಲ. ರಿಪೇರಿ ಮಾಡುವವರೊಬ್ಬರು ಮನೆಗೆ ಬಂದು ಐದು ನಿಮಿಷ ನೋಡಿ, ಮದರ್‌ಬೋರ್ಡ್ ಹೋಗಿದೆ, ಇದಕ್ಕೆ ದುಡ್ಡು ಹಾಕುವುದಕ್ಕಿಂತ ಹೊಸದು ತಗೊಳ್ಳುವುದೇ ಒಳ್ಳೆಯದು ಎಂದು ಹೇಳಿ ಹೋಗಿದ್ದರು. ಮನೆಯಲ್ಲಿ ಹೊಸದಕ್ಕೆ ದುಡ್ಡಿರಲಿಲ್ಲ. ಆ ಕಥೆಗೆ ಆಮೇಲೆ ಬರುತ್ತೇವೆ. ಮೊದಲು ಗ್ರೇಸ್ ಹಾಪರ್ ಯಾರು ಎಂದು ನೋಡೋಣ.

ಏಳು ಗಡಿಯಾರಗಳು

ಗ್ರೇಸ್ ಬ್ರೂಸ್ಟರ್ ಮರ‍್ರೆ ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ನ್ಯೂಯಾರ್ಕ್ ನಗರದಲ್ಲಿ. ಮೂವರು ಮಕ್ಕಳಲ್ಲಿ ಹಿರಿಯವರು. ತಂದೆ ವಿಮೆ ವ್ಯವಹಾರದಲ್ಲಿದ್ದರು, ತಾಯಿಗೆ ಗಣಿತವೆಂದರೆ ಇಷ್ಟ. ಕಾಯಿಲೆಯಿಂದ ತಂದೆಯ ಎರಡೂ ಕಾಲು ತೆಗೆಯಬೇಕಾಗಿ ಬಂತು. ನಾಳೆ ತಾವಿಲ್ಲದಿದ್ದರೂ ಹೆಣ್ಣುಮಕ್ಕಳು ತಮ್ಮ ಕಾಲ ಮೇಲೆ ತಾವು ನಿಲ್ಲಬೇಕು ಎಂದು ಅವರು ಮಗನಿಗೆ ಕೊಡಿಸಿದಷ್ಟೇ ಓದನ್ನು ಇಬ್ಬರು ಹೆಣ್ಣುಮಕ್ಕಳಿಗೂ ಕೊಡಿಸಿದರು.

ಗ್ರೇಸ್‌ಗೆ ಏಳು ವರ್ಷವಿದ್ದಾಗ ಬೇಸಿಗೆ ರಜೆಯ ಮನೆಯಲ್ಲಿ ಒಂದು ಘಟನೆ ನಡೆಯಿತು. ಆ ಮನೆಯ ಮಲಗುವ ಕೋಣೆಗಳಲ್ಲಿ ಅಲಾರಾಂ ಗಡಿಯಾರಗಳಿದ್ದವು. ಗಂಟೆ ಹೇಗೆ ಬಾರಿಸುತ್ತದೆ ಎಂದು ನೋಡಲು ಹುಡುಗಿ ಒಂದನ್ನು ಬಿಚ್ಚಿದಳು. ಬಿಚ್ಚಿದ್ದು ಮತ್ತೆ ಜೋಡಿಸಲು ಬರಲಿಲ್ಲ. ಅದು ಹೇಗಿತ್ತು ಎಂದು ನೋಡಲು ಎರಡನೆಯದನ್ನು ಬಿಚ್ಚಿದಳು. ಹೀಗೇ ಏಳು ಗಡಿಯಾರಗಳು ತುಂಡುತುಂಡಾದವು. ತಾಯಿ ಬಯ್ದು ಬಿಡಿಸಲಿಲ್ಲ. ಇನ್ನು ಮೇಲೆ ಒಂದೇ ಗಡಿಯಾರ ಬಿಚ್ಚಬೇಕು ಎಂದು ಕರಾರು ಹಾಕಿದರು ಅಷ್ಟೇ. ಈ ಕಥೆಯನ್ನು ಹಾಪರ್ ಮುಂದೆ ತಾವೇ ಎಷ್ಟೋ ಕಡೆ ಹೇಳಿಕೊಂಡಿದ್ದಾರೆ.

ನಮ್ಮ ಕಡೆಯ ಶಾಲೆಗಳಲ್ಲಿ ಕಲಿತವರಿಗೆ ಇಲ್ಲಿ ಇನ್ನೊಂದು ನೆನಪಾಗಬಹುದು. ಕಂಪ್ಯೂಟರ್ ಲ್ಯಾಬಿನ ಬಾಗಿಲ ಹೊರಗೆ ಚಪ್ಪಲಿ ಬಿಡಬೇಕಿತ್ತು. ಯಾಕೆ ಎಂದು ಕೇಳಿದರೆ ಒಳಗೆ ವೈರಸ್ ಬರುತ್ತದೆ ಎನ್ನುತ್ತಿದ್ದರು, ನಾವೂ ನಂಬಿದ್ದೆವು. ನಿಜವಾದ ಕಾರಣ ಧೂಳು. ಚಪ್ಪಲಿಗೂ ಕಂಪ್ಯೂಟರ್ ವೈರಸ್‌ಗೂ ಸಂಬಂಧವೇ ಇಲ್ಲ. ಆದರೆ ಕಾರಣ ಹೇಳದೆ ಹೆದರಿಸಿದ್ದರಿಂದ ಕಂಪ್ಯೂಟರಿನ ಡಬ್ಬಿ ಮುಟ್ಟಬಾರದ ವಸ್ತು ಎಂಬ ಭಾವನೆ ಮಾತ್ರ ನಮ್ಮಲ್ಲಿ ಗಟ್ಟಿಯಾಗಿ ಉಳಿಯಿತು. ಹತ್ತು ವರ್ಷದಿಂದ ಮನೆಯಲ್ಲಿರುವ ಕಂಪ್ಯೂಟರಿನ ಪಕ್ಕದ ಮುಚ್ಚಳವನ್ನು ಒಮ್ಮೆಯೂ ತೆಗೆದು ನೋಡದ ಮನೆಗಳೇ ಹೆಚ್ಚು. ನಮ್ಮದೂ ಅದೇ ಪೈಕಿ.

ಪ್ರಾಧ್ಯಾಪಕಿಯಿಂದ ಯಂತ್ರದ ಮುಂದಕ್ಕೆ

ಗ್ರೇಸ್ 1928ರಲ್ಲಿ ವಾಸ್ಸರ್ ಕಾಲೇಜಿನಿಂದ ಗಣಿತ, ಭೌತಶಾಸ್ತ್ರಗಳಲ್ಲಿ ಪದವಿ ಪಡೆದರು. ಮೊದಲ ಸಲ ಅರ್ಜಿ ಹಾಕಿದಾಗ ಲ್ಯಾಟಿನ್ ಭಾಷೆಯಲ್ಲಿ ಅಂಕ ಕಡಿಮೆ ಬಂದು ಅಲ್ಲಿ ಸೀಟು ಸಿಕ್ಕಿರಲಿಲ್ಲ, ಒಂದು ವರ್ಷ ಕಾಯಬೇಕಾಗಿತ್ತು. 1930ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಎಂ.ಎ., 1934ರಲ್ಲಿ ಅಲ್ಲಿಂದಲೇ ಗಣಿತದಲ್ಲಿ ಪಿಎಚ್.ಡಿ. ವಿನ್ಸೆಂಟ್ ಹಾಪರ್ ಅವರನ್ನು ಮದುವೆಯಾದದ್ದು 1930ರಲ್ಲಿ. 1945ರಲ್ಲಿ ವಿಚ್ಛೇದನವಾಯಿತು, ಹೆಸರು ಉಳಿಯಿತು.

ಎರಡನೇ ಮಹಾಯುದ್ಧ ಬಂದಾಗ ಅವರು ವಾಸ್ಸರ್‌ನಲ್ಲಿ ಗಣಿತದ ಪ್ರಾಧ್ಯಾಪಕಿ. ನೌಕಾಪಡೆ ಸೇರಲು ಹೋದರೆ ವಯಸ್ಸು ಹೆಚ್ಚಾಯಿತು ಎಂದರು. ತೂಕವೂ ನಿಗದಿಗಿಂತ ಸುಮಾರು 7 ಕೆ.ಜಿ. ಕಡಿಮೆ ಇತ್ತು. ಹಟ ಬಿಡದೆ ವಿನಾಯಿತಿ ಪಡೆದು 1943ರ ಡಿಸೆಂಬರಿನಲ್ಲಿ ಸೇರಿಯೇಬಿಟ್ಟರು. ಆಗ ಅವರಿಗೆ 37. ತರಬೇತಿಯಲ್ಲಿ ಮೊದಲ ಸ್ಥಾನ. 1944ರ ಜುಲೈಯಲ್ಲಿ ಅವರನ್ನು ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ, ಹೊವಾರ್ಡ್ ಐಕನ್ ಅವರ ತಂಡಕ್ಕೆ ಕಳಿಸಿದರು.

ಅಲ್ಲಿ ಎದುರಾದದ್ದು ಮಾರ್ಕ್ 1 ಎಂಬ ಯಂತ್ರ. 51 ಅಡಿ ಉದ್ದ, 8 ಅಡಿ ಎತ್ತರ, ಸುಮಾರು 5 ಟನ್ ತೂಕ. ಅದರೊಳಗಿನ ತಂತಿಯನ್ನೆಲ್ಲ ಬಿಚ್ಚಿ ಉದ್ದಕ್ಕೆ ಎಳೆದರೆ ಸುಮಾರು 800 ಕಿ.ಮೀ. ಅಂದರೆ ಕಲಬುರಗಿಯಿಂದ ಬೆಂಗಳೂರು ಮುಟ್ಟಿ, ಇನ್ನೂ ಮುಂದಕ್ಕೆ ಹೋಗುವಷ್ಟು. ಇಷ್ಟೆಲ್ಲ ಇದ್ದೂ ಅದು ಒಂದು ಸೆಕೆಂಡಿಗೆ ಮಾಡುತ್ತಿದ್ದದ್ದು ಮೂರು ಕೂಡುವ ಲೆಕ್ಕ. ಒಂದು ಗುಣಾಕಾರಕ್ಕೆ ಸುಮಾರು ಆರು ಸೆಕೆಂಡ್ ಬೇಕಿತ್ತು. ಯುದ್ಧಕಾಲವಾದ್ದರಿಂದ ಹಗಲೂ ರಾತ್ರಿ ಓಡಬೇಕಿತ್ತು. ನೌಕಾಪಡೆಯ ಲೆಕ್ಕಗಳ ಜೊತೆ 1944ರಲ್ಲಿ ಜಾನ್ ಫಾನ್ ನಾಯ್‌ಮನ್ ಒಂದು ಲೆಕ್ಕ ತಂದರು. ಅದು ಅಣುಬಾಂಬಿನ ಕೆಲಸಕ್ಕೆ ಸೇರಿದ್ದು. ಫಾರ್ವರ್ಡ್‌ಗಳಲ್ಲಿ ಈ ಭಾಗ ಬರುವುದಿಲ್ಲ.

ಈ ಯಂತ್ರದ ಕೈಪಿಡಿಯನ್ನು ಬರೆಯುವ ಕೆಲಸವನ್ನು ಐಕನ್ ಅವರು ಹಾಪರ್‌ಗೆ ಒಪ್ಪಿಸಿದರು. 1946ರಲ್ಲಿ ಅಚ್ಚಾದ ಆ ಪುಸ್ತಕ ಐನೂರಕ್ಕೂ ಹೆಚ್ಚು ಪುಟಗಳದ್ದು. ಬರೆಯಬೇಕೆಂದರೆ ಯಂತ್ರದ ಪ್ರತಿ ಭಾಗ ಏನು ಮಾಡುತ್ತದೆ ಎಂದು ತಿಳಿದಿರಬೇಕು. ದೋಷ ಹುಡುಕುವ ಕಸುಬನ್ನು ಅವರು ಕಲಿತದ್ದು ಹೀಗೆ. ಕಿಡಿ ಎಲ್ಲಿ ಹಾರುತ್ತಿದೆ ಎಂದು ನೋಡಲು ತಂಡದವರು ದೀಪ ಆರಿಸಿ, ಹಾಪರ್ ಅವರ ಬ್ಯಾಗಿನಲ್ಲಿದ್ದ ಕೈಕನ್ನಡಿಯನ್ನು ಯಂತ್ರದ ಸಂದಿಯಲ್ಲಿ ಹಿಡಿಯುತ್ತಿದ್ದರು ಎಂಬ ನೆನಪುಗಳೂ ಇವೆ.

ಹಾಗಾದರೆ ಆ ಹುಳದ ಕಥೆ ಏನು?

ಈಗ ಫೋಟೊದಲ್ಲಿರುವ ಪುಟಕ್ಕೆ ಬರೋಣ. ಅದು ಮಾರ್ಕ್ 2 ಎಂಬ ಮುಂದಿನ ಯಂತ್ರದ ದಿನಚರಿ ಪುಸ್ತಕ. ಅಮೆರಿಕದ ನೌಕಾಪಡೆಗಾಗಿ ಹಾರ್ವರ್ಡ್‌ನಲ್ಲಿ ಕಟ್ಟಿ, ಡಾಲ್‌ಗ್ರೆನ್ ಎಂಬಲ್ಲಿಗೆ ಕಳಿಸುವ ಮುಂಚೆ ಪರೀಕ್ಷೆ ಮಾಡುತ್ತಿದ್ದ ಯಂತ್ರ. ಪುಟದ ಮೇಲ್ಗಡೆ 9/9 ಎಂದು ತಾರೀಖು ಮಾತ್ರ ಇದೆ, ಇಸವಿ ಇಲ್ಲ. ಗೊಂದಲ ಹುಟ್ಟಿದ್ದೇ ಇಲ್ಲಿ. ಮಾರ್ಕ್ 2 ಪರೀಕ್ಷೆಯ ಹಂತಕ್ಕೆ ಬಂದದ್ದು 1947ರಲ್ಲಿ. ಹಾಗಾಗಿ ಸರಿಯಾದ ದಿನ 1947ರ ಸೆಪ್ಟೆಂಬರ್ 9. 1945 ಎಂಬ ತಪ್ಪು ಎಲ್ಲಿಂದ ಬಂತು? ತಮಾಷೆಯೆಂದರೆ, ಹಾಪರ್ ಅವರೇ ವಯಸ್ಸಾದ ಮೇಲೆ ಕಥೆ ಹೇಳುವಾಗ 1945ರ ಬೇಸಿಗೆ ಎಂದು ಹೇಳಿಬಿಟ್ಟಿದ್ದರು. ಕಣ್ಣಾರೆ ಕಂಡ ಕಾಲದವರ ಮಾತಾದರೂ ಕಾಗದದ ಜೊತೆ ತಾಳೆ ನೋಡಬೇಕಾಗುತ್ತದೆ.

ಹುಳ ಯಂತ್ರವನ್ನು ಹೇಗೆ ನಿಲ್ಲಿಸಿತು ಎಂಬುದು ಗೊತ್ತಾಗಬೇಕಾದರೆ ರಿಲೇ ಏನು ಎಂದು ಗೊತ್ತಿರಬೇಕು. ಅದು ಕರೆಂಟಿನಿಂದ ನಡೆಯುವ ಸ್ವಿಚ್. ಒಂದು ತಂತಿಯ ಸುರುಳಿಗೆ ಕರೆಂಟ್ ಹರಿಸಿದರೆ ಅದು ಅಯಸ್ಕಾಂತವಾಗಿ ಲೋಹದ ಪಟ್ಟಿಯನ್ನು ಎಳೆಯುತ್ತದೆ, ಎರಡು ಲೋಹದ ತುದಿಗಳು ಕೂಡುತ್ತವೆ, ಇನ್ನೊಂದು ದಾರಿಯಲ್ಲಿ ಕರೆಂಟ್ ಹರಿಯುತ್ತದೆ. ನಿಮ್ಮ ಮನೆಯ ಸ್ಟೆಬಿಲೈಸರ್ ಟಕ್ ಎಂದು ಸದ್ದು ಮಾಡುತ್ತದಲ್ಲ, ಅದು ರಿಲೇ ಸದ್ದು. ಮಾರ್ಕ್ 2ರಲ್ಲಿ ಇಂಥವು ಸಾವಿರಾರು ಇದ್ದವು. ಆ ಎರಡು ತುದಿಗಳ ನಡುವೆ ಒಂದು ಕೂದಲೆಳೆಯಷ್ಟು ಕಸ ಸಿಕ್ಕರೂ ಅವು ಕೂಡುವುದಿಲ್ಲ, ಲೆಕ್ಕ ತಪ್ಪುತ್ತದೆ. ಕಟ್ಟಡ ಹಳೆಯದು, ಸೆಕೆಗೆ ಕಿಟಕಿ ತೆರೆದಿಡುತ್ತಿದ್ದರು, ಕಿಟಕಿಗೆ ಜಾಲರಿ ಇರಲಿಲ್ಲ. ಮೊದಲ ಮಳೆ ಬಿದ್ದ ಸಂಜೆ ಟ್ಯೂಬ್‌ಲೈಟಿಗೆ ಮುತ್ತುವ ಹುಳಗಳನ್ನು ಕಂಡ ನಮಗೆ ಮುಂದಿನದು ಹೇಳಬೇಕಾಗಿಲ್ಲ.

ಆ ದಿನದ ಪುಟದಲ್ಲಿ ಬರೆದಿರುವುದು ಇಷ್ಟು. ಬೆಳಗ್ಗೆ ಕೆಲಸ ಶುರುವಾಯಿತು. ಕೆಲವು ರಿಲೇಗಳು ವೇಗದ ಪರೀಕ್ಷೆಯಲ್ಲಿ ಸೋತವು, ಅವುಗಳನ್ನು ಬದಲಿಸಿದರು. 11 ಗಂಟೆಗೆ ಒಂದು ಪರೀಕ್ಷೆ, ಮಧ್ಯಾಹ್ನ 3.25ಕ್ಕೆ ಕೂಡುವ ಭಾಗದ ಪರೀಕ್ಷೆ. 3.45ಕ್ಕೆ ಎಫ್ ಪ್ಯಾನೆಲಿನ 70ನೇ ರಿಲೇಯಲ್ಲಿ ಪತಂಗ. ಅದನ್ನು ತೆಗೆದು, ಟೇಪ್ ಹಾಕಿ ಪುಟಕ್ಕೇ ಅಂಟಿಸಿ, ನಿಜವಾದ ಬಗ್ ಸಿಕ್ಕದ್ದು ಇದೇ ಮೊದಲು ಎಂಬ ಅರ್ಥದ ಒಂದು ಸಾಲು ಬರೆದರು. ಸಂಜೆ ಐದಕ್ಕೆ ಯಂತ್ರ ನಿಲ್ಲಿಸಿ ಮನೆಗೆ ಹೋದರು.

ಆ ಸಾಲಿನ ತಮಾಷೆಯಲ್ಲೇ ಫಾರ್ವರ್ಡ್‌ಗೆ ಉತ್ತರವಿದೆ. ದೋಷಕ್ಕೆ ಬಗ್ ಎನ್ನುವುದು ಆ ಹೊತ್ತಿಗೇ ರೂಢಿಯಲ್ಲಿದ್ದರೆ ಮಾತ್ರ ಆ ಮಾತಿಗೆ ನಗು ಬರುತ್ತದೆ. ಇಷ್ಟು ದಿನ ಹುಳ ಹುಳ ಎನ್ನುತ್ತಿದ್ದೆವು, ಇವತ್ತು ಖರೇನೇ ಹುಳ ಸಿಕ್ಕಿತು ನೋಡಿ ಎಂಬಂತೆ. ಥಾಮಸ್ ಎಡಿಸನ್ 1878ರ ಪತ್ರಗಳಲ್ಲೇ ತಮ್ಮ ಉಪಕರಣಗಳ ಸಣ್ಣಪುಟ್ಟ ತೊಂದರೆಗಳಿಗೆ ಈ ಪದ ಬಳಸಿದ್ದಾರೆ. ಅಂದರೆ ಪತಂಗ ಸಿಗುವುದಕ್ಕೆ 69 ವರ್ಷ ಮೊದಲು. ಎರಡನೇ ಮಹಾಯುದ್ಧದ ಹೊತ್ತಿಗೆ ವಿಮಾನದ ಎಂಜಿನಿಯರುಗಳು ದೋಷ ತೆಗೆಯುವುದಕ್ಕೆ ಡೀಬಗ್ ಎನ್ನುತ್ತಿದ್ದರು.

ಹುಳ ಹಿಡಿದವರು ಹಾಪರ್ ಕೂಡ ಅಲ್ಲ. ಯಂತ್ರ ನಡೆಸುತ್ತಿದ್ದ ತಂಡದವರು ಹಿಡಿದದ್ದು. ಪುಟದ ಕೈಬರಹವೂ ಅವರದಲ್ಲ ಎಂದೇ ವಸ್ತುಸಂಗ್ರಹಾಲಯದವರ ಅಭಿಪ್ರಾಯ. ಅವರು ಮಾಡಿದ್ದು ಈ ಕಥೆಯನ್ನು ಮುಂದಿನ ನಲವತ್ತು ವರ್ಷ ಊರೂರಿನ ಸಭೆಗಳಲ್ಲಿ ರುಚಿಯಾಗಿ ಹೇಳಿದ್ದು. ಕೇಳಿದವರು ಹೇಳಿದವರನ್ನೇ ನಾಯಕಿ ಮಾಡಿದರು. ಆ ಪುಸ್ತಕ ಬಹುಕಾಲ ಡಾಲ್‌ಗ್ರೆನ್‌ನ ನೌಕಾಪಡೆಯ ಕೇಂದ್ರದಲ್ಲಿತ್ತು. ಈಗ ಹುಳದ ಸಮೇತ ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಸಂಸ್ಥೆಯ ಅಮೆರಿಕ ಇತಿಹಾಸ ವಸ್ತುಸಂಗ್ರಹಾಲಯದಲ್ಲಿದೆ.

ಇದೆಲ್ಲ ತಿಳಿದ ಮೇಲೆ ನಮಗೆ ಹುಳಕ್ಕಿಂತ ಹೆಚ್ಚು ಇಷ್ಟವಾದದ್ದು 70ನೇ ರಿಲೇ ಎಂಬ ಸಂಖ್ಯೆ. ಸಾವಿರಾರು ರಿಲೇಗಳಲ್ಲಿ ಇಂಥ ಪ್ಯಾನೆಲ್, ಇಂಥ ನಂಬರ್ ಎಂದು ಬೆರಳಿಟ್ಟು ತೋರಿಸಿದ್ದಾರೆ. ಒಂದೊಂದೇ ಭಾಗಕ್ಕೆ ಪರೀಕ್ಷೆ ಕೊಟ್ಟು, ಸರಿಯಿದ್ದದ್ದನ್ನು ಬದಿಗಿಟ್ಟು, ತಪ್ಪಿದ್ದರ ಹತ್ತಿರ ಹತ್ತಿರ ಹೋಗಿದ್ದಾರೆ. ಯಂತ್ರವೇ ಹೋಗಿದೆ, ಹೊಸದು ತರಿಸಿ ಎಂದು ಯಾರೂ ಬರೆದಿಲ್ಲ.

ಕೋಟನೂರಿನ ಮನೆಯ ಹುಳ

ನಮ್ಮ ಕಂಪ್ಯೂಟರಿಗೆ ಅದೇ ದಾರಿ ಹಿಡಿದೆವು. ಅದು ಆನ್ ಆಗುತ್ತಿತ್ತು, ಪರದೆಯೂ ಬರುತ್ತಿತ್ತು. ಅಂದಮೇಲೆ ಕರೆಂಟ್ ಬರುವ ಎಸ್‌ಎಂಪಿಎಸ್, ಮಾನಿಟರ್, ಕೇಬಲ್, ರ‍್ಯಾಮ್ ಎಲ್ಲ ಸರಿಯಿವೆ. ಫೋನಿನಲ್ಲಿ ವೆಬ್‌ಸೈಟ್ ತೆರೆಯುತ್ತಿತ್ತು, ಅಂದಮೇಲೆ ಇಂಟರ್‌ನೆಟ್ ಸರಿಯಿದೆ. ಕಂಪ್ಯೂಟರಿನಲ್ಲಿ ಮಾತ್ರ ಸಂಪರ್ಕ ಸುರಕ್ಷಿತವಾಗಿಲ್ಲ ಎಂಬ ಎಚ್ಚರಿಕೆ. ಪರದೆಯ ಮೂಲೆಗೆ ಕಣ್ಣು ಹೋಯಿತು. ತಾರೀಖು ಹತ್ತು ವರ್ಷಕ್ಕೂ ಹಿಂದಿನದು ತೋರಿಸುತ್ತಿತ್ತು. ಸರಿಪಡಿಸಿದೆವು, ವೆಬ್‌ಸೈಟ್ ತೆರೆಯಿತು. ಆಫ್ ಮಾಡಿ, ಪ್ಲಗ್ ತೆಗೆದು, ಮತ್ತೆ ಆನ್ ಮಾಡಿದರೆ ಮತ್ತೆ ಹಳೆಯ ತಾರೀಖು.

ಕಾರಣ ಹೀಗಿದೆ. ಕಂಪ್ಯೂಟರ್ ಆಫ್ ಆಗಿದ್ದಾಗಲೂ ಅದರೊಳಗಿನ ಗಡಿಯಾರ ನಡೆಯುತ್ತಿರಬೇಕು. ಅದಕ್ಕಾಗಿ ಮದರ್‌ಬೋರ್ಡಿನ ಮೇಲೆ ಒಂದು ರೂಪಾಯಿ ನಾಣ್ಯದಂಥ ಬಟನ್ ಸೆಲ್ ಇರುತ್ತದೆ. ಸಾಮಾನ್ಯವಾಗಿ ಅದರ ಮೇಲೆ ಸಿಆರ್2032 ಎಂದು ಬರೆದಿರುತ್ತದೆ, 3 ವೋಲ್ಟಿನದು. ಕೆಲವು ವರ್ಷಗಳಲ್ಲಿ ಅದು ಖಾಲಿಯಾದರೆ ಗಡಿಯಾರ ಹಿಂದಕ್ಕೆ ಹೋಗುತ್ತದೆ. ವೆಬ್‌ಸೈಟ್‌ಗಳಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅವಧಿ ಇರುವ ಒಂದು ಸುರಕ್ಷತಾ ಪತ್ರ ಇರುತ್ತದೆ. ಕಂಪ್ಯೂಟರಿನ ತಾರೀಖು ಆ ಅವಧಿಯ ಹೊರಗಿದ್ದರೆ ಬ್ರೌಸರ್ ಬಾಗಿಲು ಮುಚ್ಚುತ್ತದೆ. ವೈರಸ್ಸೂ ಇಲ್ಲ, ಮದರ್‌ಬೋರ್ಡೂ ಹೋಗಿಲ್ಲ.

ಪ್ಲಗ್ ಪೂರ್ತಿ ತೆಗೆದು ಮುಚ್ಚಳ ಬಿಚ್ಚಿದೆವು. ಒಳಗೆ ಹತ್ತು ವರ್ಷದ ಕಪ್ಪು ಮಣ್ಣಿನ ಧೂಳು, ಫ್ಯಾನಿನ ಸುತ್ತ ಹತ್ತಿಯಂತೆ ಕಟ್ಟಿತ್ತು. ಮೂಲೆಯಲ್ಲಿ ಎರಡು ಒಣಗಿದ ಜಿರಳೆ. ನಿಜವಾದ ಬಗ್‌ಗಳು, ಆದರೆ ಈ ಕೇಸಿನಲ್ಲಿ ನಿರಪರಾಧಿಗಳು. ಹಳೆಯ ಸೆಲ್ ತೆಗೆಯುವ ಮೊದಲು ಯಾವ ಮುಖ ಮೇಲಿತ್ತು ಎಂದು ಫೋನಿನಲ್ಲಿ ಫೋಟೊ ತೆಗೆದುಕೊಂಡೆವು (ಏಳು ಗಡಿಯಾರ ಬಿಚ್ಚಿದ ಹುಡುಗಿಗೆ ಈ ಅನುಕೂಲ ಇರಲಿಲ್ಲ). ಗಡಿಯಾರ ರಿಪೇರಿ ಅಂಗಡಿಯಿಂದ ತಂದ ಹೊಸ ಸೆಲ್ ಹಾಕಿದೆವು. ಸಿನಿಮಾ ಟಿಕೆಟಿಗಿಂತ ಕಡಿಮೆ ಖರ್ಚು. ಅರ್ಜಿ ಮರುದಿನ ಬೆಳಗ್ಗೆ ಸಲ್ಲಿಕೆಯಾಯಿತು.

ಎಲ್ಲ ಮನೆಯ ತೊಂದರೆಯೂ ಇದೇ ಆಗಿರುವುದಿಲ್ಲ. ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು ಎಂದರೆ ಮೊದಲು ಮಾನಿಟರಿನ ಸ್ವಿಚ್ ಮತ್ತು ಎರಡೂ ತುದಿಯ ಕೇಬಲ್ ನೋಡಿ. ಅವು ಸರಿಯಿದ್ದರೆ ಸಂಶಯ ರ‍್ಯಾಮ್ ಮೇಲೆ. ಪ್ಲಗ್ ತೆಗೆದು, ಕ್ಯಾಬಿನೆಟ್ಟಿನ ಲೋಹವನ್ನು ಒಮ್ಮೆ ಮುಟ್ಟಿ ಮೈಯ ಸ್ಥಾಯಿ ವಿದ್ಯುತ್ ಕಳೆದುಕೊಂಡು, ರ‍್ಯಾಮ್ ಪಟ್ಟಿ ಹೊರತೆಗೆದು, ಬಂಗಾರ ಬಣ್ಣದ ಅಂಚನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಎರಡೂ ಕಡೆ ಕಟ್ ಎಂದು ಕೂರುವಂತೆ ಒತ್ತಿ. ಇದೂ ಮಾರ್ಕ್ 2ರ ಕಥೆಯೇ: ಎರಡು ಲೋಹದ ನಡುವೆ ಕಸ. ಕಲಬುರಗಿಯ ಬೇಸಿಗೆಯಲ್ಲಿ ಕೋಣೆಯ ಬಿಸಿಯೇ 40 ಡಿಗ್ರಿ ದಾಟುವಾಗ ಧೂಳು ಕಟ್ಟಿದ ಫ್ಯಾನ್ ಸಾಕಾಗುವುದಿಲ್ಲ. ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ಮೊದಲು ನಿಧಾನವಾಗುತ್ತದೆ, ಆಮೇಲೆ ಕಂಪ್ಯೂಟರ್ ತಾನೇ ಆಫ್ ಆಗುತ್ತದೆ. ಇದಕ್ಕೆ ಎಫ್5 ಒತ್ತಿ ಒತ್ತಿ ರಿಫ್ರೆಶ್ ಮಾಡುವುದು ಪರಿಹಾರವಲ್ಲ. ಅದು ಪರದೆಯ ಮೇಲಿನ ಐಕಾನ್‌ಗಳನ್ನು ಮತ್ತೊಮ್ಮೆ ತೋರಿಸುತ್ತದೆ, ವೇಗ ಹೆಚ್ಚಿಸುವುದಿಲ್ಲ. ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದು, ಒಣ ಬ್ರಷ್‌ನಿಂದ ಧೂಳು ತೆಗೆಯಿರಿ.

ಒಂದನ್ನು ಮಾತ್ರ ಬಿಚ್ಚಬೇಡಿ: ಎಸ್‌ಎಂಪಿಎಸ್ ಡಬ್ಬಿ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಪ್ರಾಣಕ್ಕೆ ಅಪಾಯವಾಗುವಷ್ಟು ವಿದ್ಯುತ್ ಉಳಿದಿರಬಹುದು. ಸುಟ್ಟ ವಾಸನೆ, ಹೊಗೆ, ಮುಟ್ಟಿದರೆ ಜುಮ್ ಎನ್ನುವುದು ಇವಿದ್ದರೆ ಪ್ಲಗ್ ತೆಗೆದು ಬಲ್ಲವರನ್ನೇ ಕರೆಯಿರಿ.

ಕೋಬಾಲ್ ಅವರೊಬ್ಬರದೇ?

ಮತ್ತೆ ಹಾಪರ್ ಕಡೆ. ಹಾರ್ವರ್ಡ್‌ನಲ್ಲಿ ತಂಡದವರು ಸರಿಯಾಗಿ ನಡೆದ ಲೆಕ್ಕದ ತುಣುಕುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಒಬ್ಬರದನ್ನು ಇನ್ನೊಬ್ಬರು ನಕಲು ಮಾಡುತ್ತಿದ್ದರು. ಕೈಯಲ್ಲಿ ನಕಲು ಮಾಡುವಾಗ ಬಿ ಅಕ್ಷರ 13 ಆಗುತ್ತಿತ್ತು, 4 ಇನ್ನೇನೋ ಆಗುತ್ತಿತ್ತು. ನಕಲು ಮಾಡುವ ಕೆಲಸವನ್ನು ಯಂತ್ರವೇ ಮಾಡಬಾರದೇಕೆ ಎಂಬ ಪ್ರಶ್ನೆ ಅವರಿಗೆ ಹುಟ್ಟಿದ್ದು ಈ ಬೇಸರದಿಂದ. 1949ರಲ್ಲಿ ಅವರು ಫಿಲಡೆಲ್ಫಿಯಾದ ಎಕರ್ಟ್–ಮಾಕ್ಲಿ ಕಂಪನಿ ಸೇರಿ ಯೂನಿವ್ಯಾಕ್ ಯಂತ್ರದ ಮೇಲೆ ಕೆಲಸ ಮಾಡಿದರು. ಅದು ಅವರಿಗೆ ಕಷ್ಟದ ಕಾಲ. ಕುಡಿತ ಹೆಚ್ಚಾಗಿ ಗೆಳೆಯರು ಎಚ್ಚರಿಸಬೇಕಾಯಿತು. ಅದರಿಂದ ಹೊರಬಂದು 1952ರಲ್ಲಿ ಎ-0 ಎಂಬ ಕಂಪೈಲರ್ ಸಿದ್ಧಪಡಿಸಿದರು. ಇಂದಿನ ಕಂಪೈಲರ್‌ಗೆ ಹೋಲಿಸಿದರೆ ಅದು ತೀರ ಸರಳ. ಆದರೂ ಕಂಪ್ಯೂಟರ್ ಲೆಕ್ಕ ಮಾಡುವುದೇ ಹೊರತು ತನ್ನ ಪ್ರೋಗ್ರಾಮನ್ನು ತಾನೇ ಜೋಡಿಸಲಾರದು ಎಂದು ಆಗಿನವರು ನಂಬಿದ್ದರು, ಅವರಿಗೆ ಇದನ್ನು ಒಪ್ಪಿಸುವುದೇ ದೊಡ್ಡ ಕೆಲಸವಾಯಿತು.

ಮುಂದೆ ಇಂಗ್ಲಿಷ್ ಪದಗಳಲ್ಲೇ ಕಂಪ್ಯೂಟರಿಗೆ ಕೆಲಸ ಹೇಳುವ ಫ್ಲೋ-ಮ್ಯಾಟಿಕ್ ಎಂಬ ಭಾಷೆಯನ್ನು ಅವರ ತಂಡ ರೂಪಿಸಿತು. 1959ರಲ್ಲಿ ಸರ್ಕಾರ, ಕಂಪನಿಗಳ ಪ್ರತಿನಿಧಿಗಳಿದ್ದ ಸಮಿತಿ ಕೋಬಾಲ್ ರೂಪಿಸಲು ಕೂತಾಗ ಫ್ಲೋ-ಮ್ಯಾಟಿಕ್ ಅದಕ್ಕೆ ಮುಖ್ಯ ಆಧಾರವಾಯಿತು. ಹಾಪರ್ ಅಲ್ಲಿ ಸಲಹೆಗಾರರಾಗಿದ್ದರು. ಭಾಷೆಯನ್ನು ಕೂತು ಬರೆದವರಲ್ಲಿ ಜೀನ್ ಸ್ಯಾಮೆಟ್ ಮೊದಲಾದ ಹಲವರಿದ್ದರು. ಹಾಗಾಗಿ ಕೋಬಾಲ್‌ನ ಅಜ್ಜಿ ಎಂದು ಹಾಪರ್ ಅವರನ್ನು ಕರೆಯುವುದು ಸರಿಯೇ, ಒಬ್ಬರೇ ಕಂಡುಹಿಡಿದರು ಎನ್ನುವುದು ತಪ್ಪು. ಉಳಿದವರ ಹೆಸರು ಅಳಿಸಿಹೋಗುವುದು ಇಂಥ ಫಾರ್ವರ್ಡ್‌ಗಳಿಂದಲೇ. 1990ರ ದಶಕದ ಕೊನೆಯಲ್ಲಿ, 2000ನೇ ಇಸವಿ ಬಂದರೆ ಹಳೆಯ ಪ್ರೋಗ್ರಾಮ್‌ಗಳು ತಾರೀಖು ತಪ್ಪಾಗಿ ಓದುತ್ತವೆ ಎಂಬ ಆತಂಕ ಹುಟ್ಟಿದಾಗ ಬೆಂಗಳೂರಿನ ಕಂಪನಿಗಳ ಎಷ್ಟೋ ಎಂಜಿನಿಯರುಗಳಿಗೆ ಸಿಕ್ಕ ಕೆಲಸ ಇದೇ ಕೋಬಾಲ್ ಸಾಲುಗಳನ್ನು ತಿದ್ದುವುದು. ಅಲ್ಲೂ ಸಮಸ್ಯೆ ತಾರೀಖಿನದೇ.

ನೌಕಾಪಡೆ ಅವರನ್ನು 1966ರ ಕೊನೆಗೆ ನಿವೃತ್ತಿ ಮಾಡಿಸಿತು. ಎಂಟು ತಿಂಗಳಾಗುವಷ್ಟರಲ್ಲಿ ಆರು ತಿಂಗಳ ಮಟ್ಟಿಗೆ ಬನ್ನಿ ಎಂದು ವಾಪಸ್ ಕರೆಯಿತು. ಆ ಆರು ತಿಂಗಳು ಮುಗಿಯಲೇ ಇಲ್ಲ. 1969ರಲ್ಲಿ ಒಂದು ಸಂಘ ಅವರಿಗೆ ಕಂಪ್ಯೂಟರ್ ಕ್ಷೇತ್ರದ ವರ್ಷದ ಪುರುಷ ಎಂಬ ಪ್ರಶಸ್ತಿಯನ್ನೇ ಕೊಟ್ಟಿತು; ಹೆಣ್ಣುಮಕ್ಕಳಿಗೆ ಬೇರೆ ಹೆಸರು ಇಡುವ ಯೋಚನೆ ಯಾರಿಗೂ ಬಂದಿರಲಿಲ್ಲ ಎಂದು ಕಾಣುತ್ತದೆ. 1986ರ ಆಗಸ್ಟ್ 14ರಂದು ಬಾಸ್ಟನ್ ಬಂದರಿನ ಹಳೆಯ ಯುದ್ಧನೌಕೆಯೊಂದರ ಮೇಲೆ ಕೊನೆಗೂ ನಿವೃತ್ತರಾದಾಗ ವಯಸ್ಸು 79, ಹುದ್ದೆ ರಿಯರ್ ಅಡ್ಮಿರಲ್. ಆಮೇಲೂ ಮನೆಯಲ್ಲಿ ಕೂರದೆ ಒಂದು ಕಂಪ್ಯೂಟರ್ ಕಂಪನಿಗೆ ಸಲಹೆಗಾರರಾದರು. 1992ರ ಜನವರಿ 1ರಂದು ತೀರಿಕೊಂಡರು, 85 ವರ್ಷ. 2010ರಿಂದ ಭಾರತದಲ್ಲಿ ಅವರ ಹೆಸರಿನಲ್ಲಿ ಕಂಪ್ಯೂಟರ್ ಕ್ಷೇತ್ರದ ಮಹಿಳೆಯರ ಸಮಾವೇಶ ನಡೆಯತೊಡಗಿತು, ಮೊದಲನೆಯದು ಬೆಂಗಳೂರಿನಲ್ಲಿ. ಅವರ ಹೆಸರಿನ ಯುದ್ಧನೌಕೆಯೂ ಇದೆ. ಅದರ ನಂಬರ್ 70. ಪತಂಗ ಸಿಕ್ಕ ರಿಲೇಯ ನಂಬರೂ 70. ಇದು ಬರೀ ಕಾಕತಾಳೀಯ, ದಯವಿಟ್ಟು ಇದರ ಮೇಲೆ ಹೊಸ ಫಾರ್ವರ್ಡ್ ಕಟ್ಟಬೇಡಿ.

ಉಪನ್ಯಾಸಕ್ಕೆ ಹೋದಲ್ಲೆಲ್ಲ ಅವರು ಸುಮಾರು 30 ಸೆಂ.ಮೀ. ಉದ್ದದ ಟೆಲಿಫೋನ್ ತಂತಿಯ ತುಂಡುಗಳನ್ನು ಹಂಚುತ್ತಿದ್ದರು. ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗದ ಹೊತ್ತಿನಲ್ಲಿ, ಅಂದರೆ ಒಂದು ನ್ಯಾನೊಸೆಕೆಂಡಿನಲ್ಲಿ, ಬೆಳಕು ಹೋಗಬಲ್ಲ ದೂರ ಅಷ್ಟೇ. ಸಂದೇಶ ತಲುಪಲು ಯಾಕೆ ತಡವಾಗುತ್ತದೆ ಎಂದು ಅಧಿಕಾರಿಗಳಿಗೆ ಕೈಯಲ್ಲಿ ಹಿಡಿಸಿ ತೋರಿಸುವ ಉಪಾಯ. ಅವರ ಕಚೇರಿಯ ಗೋಡೆಯಲ್ಲಿ ಮುಳ್ಳು ಹಿಮ್ಮುಖ ತಿರುಗುವ ಒಂದು ಗಡಿಯಾರವೂ ಇತ್ತು. ಹೀಗೇ ಮಾಡಿಕೊಂಡು ಬಂದಿದ್ದೇವೆ ಎನ್ನುವವರಿಗೆ ಅದನ್ನು ತೋರಿಸುತ್ತಿದ್ದರು. ಸಮಯವಂತೂ ಸರಿಯಾಗಿಯೇ ತೋರಿಸುತ್ತಿತ್ತು.

ಇದನ್ನೆಲ್ಲ ಚಿಕ್ಕದು ಮಾಡಿ ಮನೆಯ ಗ್ರೂಪಿಗೆ ಹಾಕಿದೆವು. ಫಾರ್ವರ್ಡ್ ಕಳಿಸಿದ್ದ ಕಮಲಾಪುರದ ಕಾಕಾ ಒಂದು ಥಮ್ಸ್ ಅಪ್ ಒತ್ತಿದರು. ಅರ್ಧ ತಾಸಿನ ನಂತರ ಅವರಿಂದಲೇ ಇನ್ನೊಂದು ಬಂತು: ಕೆಟ್ಟ ಹಾರ್ಡ್ ಡಿಸ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ರಾತ್ರಿಯಿಡೀ ಫ್ರೀಜರ್‌ನಲ್ಲಿಟ್ಟರೆ ಸರಿಹೋಗುತ್ತದಂತೆ. ಹಾಗೆ ಮಾಡಬೇಡಿ. ಹೊರತೆಗೆದಾಗ ತಣ್ಣಗಿನ ತಟ್ಟೆಯ ಮೇಲೆ, ಫ್ರಿಜ್‌ನಿಂದ ತೆಗೆದ ನೀರಿನ ಬಾಟಲಿಯ ಮೇಲೆ ಕಟ್ಟುವಂತೆ ಹನಿ ಕಟ್ಟುತ್ತದೆ, ಉಳಿದ ಫೋಟೊಗಳೂ ಹೋಗುತ್ತವೆ. ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಕೇಳಿಸತೊಡಗಿದರೆ ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ. ಇನ್ನೂ ತೆರೆಯುತ್ತಿದ್ದರೆ ಬೇಕಾದ್ದನ್ನು ತಕ್ಷಣ ಪೆನ್‌ಡ್ರೈವ್‌ಗೆ ನಕಲು ಮಾಡಿಕೊಂಡು ಆಫ್ ಮಾಡಿ.